ತೆರೆಯ ಮೇಲೆ ಮಡಿದ ಯೋಧ

1997ರಲ್ಲಿ ತೆರೆಕಂಡ ‘ಬಾರ್ಡರ್’ ಹಿಂದಿ ಚಿತ್ರ ಲಕ್ಷಾಂತರ ಪ್ರೇಕ್ಷಕರ ಕಣ್ಣಲ್ಲಿ ನೀರು ತರಿಸಿತು. ಅದರಲ್ಲಿ ನಮ್ಮ ಕರಾವಳಿ ಮೂಲದ ಸುನೀಲ್ ಶೆಟ್ಟಿ ಅಭಿನಯಿಸಿದ್ದು ಗಡಿ ಭದ್ರತಾ ಪಡೆಯ ಭೈರೋನ್ ಸಿಂಗ್ ಪಾತ್ರದಲ್ಲಿ. ಚಿತ್ರದ ಭೈರೋನ್ ಸಿಂಗ್ ಹೋರಾಡುತ್ತಲೇ ಪ್ರಾಣ ಬಿಡುತ್ತಾನೆ. ಆದರೆ ನಿಜವಾದ ಭೈರೋನ್ ಸಿಂಗ್ ರಾಠೋಡ್ ಆ ಯುದ್ಧದಲ್ಲಿ ಮಡಿಯಲಿಲ್ಲ. ಸೇನಾ ಪದಕ ಪಡೆದು, ಮತ್ತೆ ಅರ್ಧ ಶತಮಾನ ಬಾಳಿ, 2022ರ ಡಿಸೆಂಬರ್‌ನಲ್ಲಿ ಜೋಧಪುರದಲ್ಲಿ ತೀರಿಕೊಂಡರು.

ಹಾಗಾದರೆ ಯುದ್ಧದ ಚಿತ್ರಗಳನ್ನು ಎಷ್ಟರ ಮಟ್ಟಿಗೆ ನಂಬಬೇಕು?

ಮೊದಲು ಭೌತಶಾಸ್ತ್ರದ ಕಣ್ಣಿನಿಂದ ನೋಡೋಣ. ಮಿಂಚು ಕಂಡು ಸ್ವಲ್ಪ ಹೊತ್ತಿನ ಮೇಲೆ ಗುಡುಗು ಕೇಳುವುದು ಎಲ್ಲರಿಗೂ ಗೊತ್ತು. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಒಂದು ಕಿಲೋಮೀಟರ್ ಆಚೆ ಷೆಲ್ ಸಿಡಿದರೆ ಸದ್ದು ನಮ್ಮನ್ನು ಮುಟ್ಟಲು ಸುಮಾರು 3 ಸೆಕೆಂಡು ಬೇಕು. ಸಿನಿಮಾದಲ್ಲಾದರೋ ಬೆಂಕಿಯೂ ಸದ್ದೂ ಒಟ್ಟಿಗೇ ಬರುತ್ತವೆ! ಆಕಾಶಕ್ಕೇರುವ ಕೆಂಪು ಜ್ವಾಲೆಯ ಉಂಡೆ ಬಹುಮಟ್ಟಿಗೆ ಪೆಟ್ರೋಲಿನ ಕರಾಮತ್ತು. ನಿಜವಾದ ಷೆಲ್ ಸಿಡಿದಾಗ ಕಾಣುವುದು ಕ್ಷಣಮಾತ್ರದ ಬೆಳಕು, ಮಣ್ಣು, ಹೊಗೆ. ಕೊಲ್ಲುವುದು ಹೆಚ್ಚಾಗಿ ಕಣ್ಣಿಗೆ ಕಾಣದ ಲೋಹದ ಚೂರುಗಳು.

ಇಂಥ ತಪ್ಪು ಉತ್ತಮ ಚಿತ್ರಗಳಲ್ಲೂ ಉಂಟು. ಸ್ಟೀವನ್ ಸ್ಪಿಲ್‌ಬರ್ಗ್ ಅವರ ‘ಸೇವಿಂಗ್ ಪ್ರೈವೇಟ್ ರಯಾನ್’ (1998) 1944ರ ಜೂನ್ 6ರಂದು ಫ್ರಾನ್ಸಿನ ನಾರ್ಮಂಡಿ ಕಡಲತೀರದಲ್ಲಿ ನಡೆದ ದಾಳಿಯನ್ನು ತೋರಿಸುತ್ತದೆ. ಅಲ್ಲಿ ನೀರಿನೊಳಗೆ ಮುಳುಗಿದ ಸೈನಿಕರನ್ನೂ ಗುಂಡುಗಳು ಸೀಳಿಕೊಂಡು ಹೋಗುತ್ತವೆ. ನೀರಿನ ಸಾಂದ್ರತೆ ಗಾಳಿಗಿಂತ ಸುಮಾರು 800 ಪಟ್ಟು ಹೆಚ್ಚು. ಆದ್ದರಿಂದ ವೇಗದ ರೈಫಲ್ ಗುಂಡು ಮೀಟರಿನಷ್ಟು ಆಳ ಹೋಗುವಷ್ಟರಲ್ಲಿ ತನ್ನ ಶಕ್ತಿಯನ್ನೆಲ್ಲ ಕಳೆದುಕೊಳ್ಳುತ್ತದೆ. ಆದರೂ ಆ ದೃಶ್ಯಗಳ ಭೀತಿ, ಗೊಂದಲ ನಿಜವೆಂದು ಹೇಳಿದವರು ಸ್ವತಃ ಯುದ್ಧ ಕಂಡ ಹಿರಿಯ ಸೈನಿಕರು. ಚಿತ್ರ ನೋಡಿ ಮನಸ್ಸು ಕದಡಿದ ಅಂಥವರಿಗಾಗಿ ಅಮೆರಿಕ ಸರ್ಕಾರ ದೂರವಾಣಿ ಸಹಾಯವನ್ನೂ ಏರ್ಪಡಿಸಬೇಕಾಯಿತು.

ಹೀಗಾಗಿ ಭೌತಶಾಸ್ತ್ರದ ತಪ್ಪಿಗಿಂತ ದೊಡ್ಡ ತಪ್ಪು ಬೇರೆಯೇ ಇದೆ. ಅದನ್ನು ತಿಳಿಯಲು ‘ಬಾರ್ಡರ್’ ಚಿತ್ರದ ಮೂಲ ಕಥೆಗೇ ಹೋಗಬೇಕು.

1971ರ ಡಿಸೆಂಬರ್ 4ರ ರಾತ್ರಿ. ರಾಜಸ್ಥಾನದ ಲೋಂಗೇವಾಲಾ ಠಾಣೆಯಲ್ಲಿ ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿ ಅವರ ಕೈಕೆಳಗೆ ಇದ್ದವರು ಸುಮಾರು 120 ಮಂದಿ. ಎದುರಿಗೆ ಎರಡು ಸಾವಿರಕ್ಕೂ ಮಿಕ್ಕಿದ ಪಾಕಿಸ್ತಾನಿ ಸೈನಿಕರು, ಹತ್ತಾರು ಟ್ಯಾಂಕುಗಳು. ಹಿಂದೆ ಸರಿಯುವ ಅವಕಾಶವಿದ್ದರೂ ಚಾಂದ್‌ಪುರಿ ಠಾಣೆ ಬಿಡಲಿಲ್ಲ. ಠಾಣೆ ಎತ್ತರದ ಮರಳು ದಿಬ್ಬದ ಮೇಲಿತ್ತು. ಮುಳ್ಳುತಂತಿಯ ಬೇಲಿ ಕಂಡು, ನೆಲಬಾಂಬು ಹೂತಿರಬಹುದೆಂಬ ಶಂಕೆಯಿಂದ ಶತ್ರುಗಳು ಅಮೂಲ್ಯ ಸಮಯ ಕಳೆದುಕೊಂಡರು. ಅವರ ಹಲವು ವಾಹನಗಳು ಸಡಿಲ ಮರಳಿನಲ್ಲಿ ಸಿಕ್ಕಿಕೊಂಡವು. ಜೈಸಲ್ಮೇರ್‌ನಲ್ಲಿದ್ದ ನಮ್ಮ ಹಂಟರ್ ವಿಮಾನಗಳಿಗೆ ರಾತ್ರಿ ದಾಳಿ ಮಾಡುವ ಸಲಕರಣೆ ಇರಲಿಲ್ಲ. ಬೆಳಕು ಹರಿಯುತ್ತಲೇ ಅವು ಹಾರಿಬಂದವು. ಮರೆಯೇ ಇಲ್ಲದ ಬಯಲಿನಲ್ಲಿ ಟ್ಯಾಂಕುಗಳು ಸುಲಭದ ಗುರಿಯಾದವು. ಅಲ್ಲಿಗೆ ಯುದ್ಧದ ಗತಿಯೇ ಬದಲಾಯಿತು. ಚಾಂದ್‌ಪುರಿಯವರಿಗೆ ಮಹಾವೀರ ಚಕ್ರ ಸಂದಿತು.

ಠಾಣೆಯಲ್ಲಿ ಮಡಿದ ನಮ್ಮ ಯೋಧರು ಇಬ್ಬರು. ಚಿತ್ರದಲ್ಲಾದರೋ ಮುಖ್ಯ ಪಾತ್ರಗಳೇ ಒಂದರ ಹಿಂದೊಂದು ಪ್ರಾಣ ಬಿಡುತ್ತವೆ. ಪ್ರಾಣತ್ಯಾಗವಿಲ್ಲದೆ ಶೌರ್ಯವಿಲ್ಲ ಎಂಬ ಭಾವನೆ ಎಳೆಯ ಮನಸ್ಸಿನಲ್ಲಿ ಬೇರೂರುವುದು ಹೀಗೆಯೇ. ಸರಿಯಾದ ಜಾಗ ಆರಿಸಿ, ಧೈರ್ಯಗೆಡದೆ ಬೆಳಗಿನವರೆಗೆ ಕಾದು, ತನ್ನವರನ್ನು ಬದುಕಿಸಿಕೊಂಡ ನಾಯಕನ ಜಾಣ್ಮೆ ಶೌರ್ಯವಲ್ಲವೇ? ಇಬ್ಬರೇ ಸತ್ತರೆಂದು ಆ ರಾತ್ರಿಯ ಸಾಹಸವೇನೂ ಕಡಿಮೆಯಾಗುವುದಿಲ್ಲ. ಆ ಇಬ್ಬರ ಮನೆಗಳಿಗೂ ಅದು ಬರಿಯ ಅಂಕಿಯಲ್ಲ.

ಮಕ್ಕಳಿಗೆ ಯುದ್ಧದ ಚಿತ್ರ ತೋರಿಸಬಾರದೆಂದಲ್ಲ. ತಂದೆ ತಾಯಿ ಪಕ್ಕದಲ್ಲಿ ಕುಳಿತು ನೋಡಲಿ. ಚಿತ್ರ ಮುಗಿದ ಮೇಲೆ ಭೂಪಟ ತೆಗೆದು ಆ ಊರು ಎಲ್ಲಿದೆಯೆಂದು ಹುಡುಕಲಿ. ಇದು ನಿಜಕ್ಕೂ ನಡೆದದ್ದೇ, ಅಂದು ಯಾರು ಮಡಿದರು, ಯಾರು ಮನೆಗೆ ಮರಳಿದರು ಎಂದು ಮಕ್ಕಳು ಕೇಳಲಿ. ಭೈರೋನ್ ಸಿಂಗರಂತೆ ಮನೆಗೆ ಮರಳಿದವರ ಹೆಸರನ್ನೂ ಅವರು ನೆನಪಿಡಲಿ.