ಒಂದೇ ಬಣ್ಣದ ಅಂಗಿ ಥಟ್ಟನೆ ಕಾಣುವುದೇಕೆ?

ಅಂಜನಾದ್ರಿಗೆ ಹೋದಾಗ ಮನೆಮಂದಿಯೆಲ್ಲ ಹಳದಿ ಟೀ ಶರ್ಟ್ ಹಾಕಿದ್ದೆವು. ಎಷ್ಟೇ ಜನವಿದ್ದರೂ ನಮ್ಮವರು ತಕ್ಷಣ ಕಾಣುತ್ತಿದ್ದರು. ಇದು ಹೇಗೆ?
– ಓದುಗರು, ಕುಷ್ಟಗಿ

ಮುಖದ ಗುರುತು ಹಿಡಿಯಲು ನೇರ ನೋಟವೇ ಬೇಕು. ಅಕ್ಷಿಪಟಲದ ನಡುವಿನ ಪುಟ್ಟ ಕುಳಿಯಲ್ಲಷ್ಟೇ ಕಣ್ಣು, ಮೂಗು, ಮೀಸೆಯಂಥ ವಿವರಗಳು ಸ್ಪಷ್ಟವಾಗಿ ಮೂಡುತ್ತವೆ. ಹಾಗಾಗಿ ಜನಜಂಗುಳಿಯಲ್ಲಿ ಒಂದೊಂದೇ ಮುಖದ ಮೇಲೆ ದೃಷ್ಟಿ ನಿಲ್ಲಿಸುತ್ತ ಹೋಗಬೇಕು. ಬಣ್ಣ ಹಾಗಲ್ಲ. ಅಂಗಿಯಷ್ಟು ಅಗಲದ ಬಣ್ಣ ಓರೆನೋಟಕ್ಕೂ ಸಿಗುತ್ತದೆ. ಮಿದುಳು ಇಡೀ ನೋಟದ ಬಣ್ಣಗಳನ್ನು ಏಕಕಾಲಕ್ಕೆ ಜಾಲಾಡಿ, ಬೇರೆಯಾಗಿರುವುದರ ಕಡೆಗೆ ಗಮನ ಎಳೆಯುತ್ತದೆ. ಮನೋವಿಜ್ಞಾನಿಗಳಾದ ಆನ್ ಟ್ರೀಸ್‌ಮನ್ ಮತ್ತು ಗ್ಯಾರಿ ಗೆಲೇಡ್ 1980ರಲ್ಲಿ ಇದನ್ನು ಪ್ರಯೋಗಗಳ ಮೂಲಕ ವಿವರಿಸಿದರು.

ಗಂಗಾವತಿ ಅಕ್ಕಿಯನ್ನು ಮೊರಕ್ಕೆ ಹಾಕಿಕೊಂಡು ಆರಿಸಿ ನೋಡಿ. ಕರಿ ಹರಳು ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಬಿಳಿ ಹರಳಿಗೆ ಕಾಳು ಕಾಳನ್ನೇ ಬೆರಳಲ್ಲಿ ಸರಿಸಬೇಕು.

ನಿಮ್ಮ ಹಳದಿ ಅಂಗಿ ಗೆದ್ದದ್ದು ಸುತ್ತಲಿನವರು ಬೇರೆ ಬೇರೆ ಬಣ್ಣ ತೊಟ್ಟಿದ್ದರಿಂದ. ಡಿಸೆಂಬರ್ ಹೊತ್ತಿಗೆ ಹನುಮಮಾಲೆ ವಿಸರ್ಜನೆಗೆ ಹೋದರೆ ಅಂಜನಾದ್ರಿ ಬೆಟ್ಟದ 575 ಮೆಟ್ಟಿಲುಗಳ ಉದ್ದಕ್ಕೂ ಮಾಲೆ ಧರಿಸಿದ ಭಕ್ತರ ಕೇಸರಿ. ಎಲ್ಲರೂ ಒಂದೇ ಎಂಬ ಭಾವಕ್ಕೆ ಆ ಬಣ್ಣ ಬಲು ಚೆಂದ, ಆದರೆ ಅಲ್ಲಿ ನೀವೂ ಕೇಸರಿ ತೊಟ್ಟರೆ ಮತ್ತೆ ಮುಖ ಹುಡುಕುವುದೇ ಗತಿ. ಅಂಥ ದಿನ ಮಕ್ಕಳಿಗಾದರೂ ತಿಳಿಹಸಿರು ಟೋಪಿ ಹಾಕಿ. ಕಡುಗೆಂಪು ಬೇಡ; ಮುಸ್ಸಂಜೆಯ ಮಬ್ಬಿನಲ್ಲಿ ನಮ್ಮ ಕಣ್ಣಿಗೆ ಕೆಂಪು ಬೇಗ ಕಪ್ಪಾಗುತ್ತದೆ.