ದಕಾರ್ಗಲವೂ ಯಡಿಯೂರು ಸೀಮೆಯ ಅಂತರ್ಜಲವೂ

ವರಾಹಮಿಹಿರಾಚಾರ್ಯನು ಕ್ರಿ. ಶ. 6ನೆಯ ಶತಮಾನದಲ್ಲಿ ರಚಿಸಿದ ಬೃಹತ್ಸಂಹಿತೆಯಲ್ಲಿ ದಕಾರ್ಗಲವೆಂಬ ಅಧ್ಯಾಯವೊಂದುಂಟು. ದಕವೆಂದರೆ ಉದಕ, ಅರ್ಗಲವೆಂದರೆ ಅಗುಳಿ. ನೆಲದೊಳಗಣ ನೀರನ್ನು ಅರಸುವ ಈ ವಿದ್ಯೆಗೆ ನಮ್ಮ ಚಾವುಂಡರಾಯನು ಸುಮಾರು 1025ರಲ್ಲಿ ಬರೆದ ಲೋಕೋಪಕಾರದಲ್ಲಿಯೂ ಎಡೆಯಿತ್ತಿರುವನು. ಪಾಠಶಾಲೆಗಳಲ್ಲಿ ಇಂತಹ ಗ್ರಂಥಗಳ ಶಬ್ದಾರ್ಥವನ್ನು ಹೇಳುವೆವಲ್ಲದೆ, ಅವುಗಳ ವಿಷಯವು ನಿಜವೋ ಅಲ್ಲವೋ ಎಂಬುದನ್ನು ವಿಚಾರಿಸುವುದು ವಿರಳ. ಕುಣಿಗಲು ತಾಲ್ಲೂಕಿನ ಯಡಿಯೂರು ಸೀಮೆಯನ್ನು ಮುಂದಿಟ್ಟುಕೊಂಡು ಅದನ್ನು ಕಿಂಚಿತ್ ಪರಿಶೀಲಿಸೋಣ.

ಆಚಾರ್ಯನ ಪ್ರಮೇಯಗಳಲ್ಲಿ ಎರಡು ಮುಖ್ಯವಾದುವು. ಆಕಾಶದಿಂದ ಬಿದ್ದ ನೀರಿಗೆ ವರ್ಣವೂ ರಸವೂ ಒಂದೇ. ಭೂಮಿಯ ಭೇದದಿಂದ ಅದು ನಾನಾ ರಸಗಳನ್ನು ಪಡೆಯುತ್ತದೆ ಎಂಬುದು ಮೊದಲನೆಯದು. ಮನುಷ್ಯಶರೀರದಲ್ಲಿರುವಂತೆ ಭೂಮಿಯಲ್ಲಿಯೂ ಮೇಲೆ ಕೆಳಗೆ ಶಿರೆಗಳಿರುವುವೆಂಬುದು ಎರಡನೆಯದು.

ಮೊದಲನೆಯದು ಸರ್ವಥಾ ಗ್ರಾಹ್ಯ. ಸೂರ್ಯತಾಪದಿಂದ ಆವಿಯಾದ ನೀರು ಮೇಘವಾಗಿ ಮಳೆಗರೆಯುತ್ತದೆ. ಅದರಲ್ಲಿ ಒಂದು ಪಾಲು ಹಳ್ಳಕೊಳ್ಳಗಳಲ್ಲಿ ಹರಿದುಹೋಗುತ್ತದೆ. ಒಂದು ಪಾಲು ಗಿಡಮರಗಳ ಎಲೆಗಳಿಂದಲೂ ನೆಲದಿಂದಲೂ ಮತ್ತೆ ಆವಿಯಾಗುತ್ತದೆ. ಉಳಿದುದು ನೆಲದೊಳಕ್ಕೆ ಇಂಗುತ್ತದೆ. ಕಡಲ ನೀರೇ ನೆಲದಡಿಯ ಕಾಲುವೆಗಳಿಂದ ಏರಿ ಒರತೆಯಾಗುವುದೆಂದು ಯುರೋಪಿನಲ್ಲಿ ಅನೇಕರು ಬಹುಕಾಲ ನಂಬಿದ್ದರು. ಫ್ರಾನ್ಸಿನ ಪಿಯರ್ ಪೆರೋ ಎಂಬಾತನು ಸೇನ್ ನದಿಯ ಮೇಲ್ಭಾಗದಲ್ಲಿ ಬೀಳುವ ಮಳೆಯು ಅಲ್ಲಿ ಹರಿಯುವ ನೀರಿನ ಸುಮಾರು 6ರಷ್ಟಿರುವುದೆಂದು 1674ರಲ್ಲಿ ಲೆಕ್ಕವಿಟ್ಟು ತೋರಿಸಿದನು. ನಮ್ಮ ಆಚಾರ್ಯನು ಹೇಳಿದನು; ಪೆರೋ ಅಳೆದನು. ಇವೆರಡನ್ನೂ ಒಂದೇ ಎಂದು ಬಗೆದು ಹೆಮ್ಮೆಪಡುವುದು ವಿದ್ವಾಂಸರಿಗೆ ತಕ್ಕುದಲ್ಲ. ರಸಭೇದಕ್ಕೆ ನಿದರ್ಶನವು ಇದೇ ಜಿಲ್ಲೆಯ ಪಾವಗಡದಲ್ಲಿದೆ: ಅಲ್ಲಿಯ ಕೊಳವೆಬಾವಿಗಳ ನೀರಿನಲ್ಲಿ ಶಿಲೆಗಳಿಂದ ಕರಗಿ ಬಂದ ಫ್ಲೋರೈಡು ಹಲ್ಲು ಮೂಳೆಗಳನ್ನು ಕೆಡಿಸಿದೆ.

ಎರಡನೆಯ ಪ್ರಮೇಯವಾದರೋ ಅರ್ಧಸತ್ಯವೆಂದು ತೋರುತ್ತದೆ. ಈ ಸೀಮೆಯ ಅಡಿಗಲ್ಲು ಬಹುಮಟ್ಟಿಗೆ ನೈಸ್ ಎಂಬ ಕಠಿನಶಿಲೆ. ಅದರ ಮೇಲ್ಭಾಗವು ಕಾಲಕ್ರಮದಲ್ಲಿ ಶಿಥಿಲವಾಗಿ ಗರಸಾಗಿದೆ. ಇಂಗಿದ ನೀರು ಈ ಗರಸಿನ ಸಂದುಗಳಲ್ಲಿ ನಿಂತು, ಇಳಿಜಾರನ್ನನುಸರಿಸಿ ಬಲು ಮೆಲ್ಲಗೆ ಸರಿಯುತ್ತದೆ. ನಮ್ಮ ತೋಡುಬಾವಿಗಳಿಗೆ ಆಧಾರವಿದೇ. ನೇರಿಲಮರದ ಮೂಡಲಲ್ಲಿ ಹುತ್ತವಿದ್ದರೆ ತೆಂಕಲಲ್ಲಿ ಎರಡು ಪುರುಷಪ್ರಮಾಣದಲ್ಲಿ ಸಿಹಿನೀರಿರುವುದೆಂದು ಆಚಾರ್ಯನು ಹೇಳುವ ಆಳವು ಇಂತಹ ಮೇಲ್ಪದರಕ್ಕೆ ಸಲ್ಲತಕ್ಕದ್ದು. ಗರಸಿನ ಕೆಳಗೆ ಬಿರುಕುಗಳಲ್ಲಿ ಮಾತ್ರ ನೀರುಂಟು. ಶಿರೆಯ ಉಪಮೆಯು ಇವಕ್ಕೆ ಒಪ್ಪುತ್ತದೆ. ಆದರೆ ಶರೀರದ ಶಿರೆಗಳಂತೆ ಇವು ಎಲ್ಲೆಡೆಯೂ ಕೂಡಿಕೊಂಡಿರುವುದಿಲ್ಲ. ಆದಕಾರಣವೇ ಒಂದು ಹೊಲದಲ್ಲಿ ನೀರು ಚಿಮ್ಮಿದರೆ ಮಗ್ಗುಲ ಹೊಲದಲ್ಲಿ ಬರಿಯ ಕಲ್ಲುಪುಡಿ ಬರುವುದು.

ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿದ ಶಿಂಷೆಯು ಕಡಬದ ಕೆರೆಯನ್ನು ತುಂಬಿ, ಯಡಿಯೂರಿನ ಸಮೀಪದ ಮಾರ್ಕೋನಹಳ್ಳಿ ಜಲಾಶಯದಲ್ಲಿ ನಿಲ್ಲುತ್ತದೆ. ಇಂತಹ ಕೆರೆಗಳ ತಳದಿಂದ ಇಂಗಿದ ನೀರೇ ಕೆಳಗಣ ಬಾವಿಗಳನ್ನು ಪೋಷಿಸತಕ್ಕದ್ದು. ಶಿರೆಯೆಂಬ ಮಾತನ್ನು ಅಕ್ಷರಶಃ ನಂಬಿದವನು, ಕೆರೆ ಒಣಗಿದರೂ ಆಳಕ್ಕೆ ಕೊರೆದರೆ ಸಾಕು, ನೀರು ಹರಿದು ಬರುವುದೆಂದು ತಿಳಿಯುತ್ತಾನೆ. ಆಳದ ಬಿರುಕುಗಳಿಗೂ ನೀರು ಮೇಲಿನಿಂದಲೇ ಇಳಿಯಬೇಕು. ಸೇದಿದಷ್ಟು ಇಂಗದಿದ್ದರೆ ಅವೂ ಬರಿದಾಗುವುವು. ಆದುದರಿಂದ ದಕಾರ್ಗಲವನ್ನು ಬೋಧಿಸುವ ಉಪಾಧ್ಯಾಯರು ಎರಡನೆಯ ಪ್ರಮೇಯವನ್ನು ಮೊದಲನೆಯದರೊಡನೆ ಸೇರಿಸಿಯೇ ವಿವರಿಸುವುದು ಯುಕ್ತ. ಅಗುಳಿಯನ್ನು ತೆಗೆಯಬಲ್ಲವನು ಒಳಗಣ ಕಣಜವನ್ನು ತುಂಬುವ ಬಗೆಯನ್ನೂ ಅರಿತಿರಬೇಕಷ್ಟೆ.