ರಜೆ ಮುಗಿದ ದಿನದ ಎದೆ

ಇಚಲಕರಂಜಿಯ ಓಣಿ ಹೊಕ್ಕರೆ ಕಿವಿಗಿಂತ ಮೊದಲು ಅಂಗಾಲಿಗೆ ಊರು ಗೊತ್ತಾಗುತ್ತದೆ. ಮಗ್ಗಗಳ ಖಟ್‌ಖಟ್ ನೆಲದಿಂದಲೇ ಏರಿ ಬರುತ್ತದೆ. 1904ರಲ್ಲಿ ವಿಠ್ಠಲರಾವ್ ದಾತಾರ್ ಇಲ್ಲಿ ಮೊದಲ ಯಂತ್ರಮಗ್ಗ ಹೂಡಿದರು. ಆಮೇಲೆ ಊರಿಗೆ ಊರೇ ನೇಯತೊಡಗಿತು. ತೆರೆದ ಬಾಗಿಲೊಳಗೆ ನೋಡಿದೆ. ಟ್ಯೂಬ್‌ಲೈಟಿಗೆ, ವೈರಿಗೆ, ನೇಕಾರನ ಹುಬ್ಬಿಗೆ ಬಿಳಿ ನವಿರು. ಅವನು ಲಾಳಿಯಲ್ಲಿ ಹೊಸ ಕಂಡಿಕೆ ಇಟ್ಟು, ಅದರ ತೂತಿಗೆ ತುಟಿ ಹಚ್ಚಿ ಒಂದು ಉಸಿರೆಳೆದ. ನೂಲಿನ ತುದಿ ಈಚೆ ಬಂತು. ಅದರ ಜೊತೆ ಒಳಗೇನು ಹೋಯಿತೋ ಎಂದು ನನ್ನ ಎದೆ ಝಲ್ಲೆಂದಿತು.

ಚಹಾದಂಗಡಿಯಲ್ಲಿ ಸಿಕ್ಕ ಹಿರಿಯರು ನೂಲಿನ ಗಿರಣಿಯವರು, ಹತ್ತಿ ಹಿಂಜುವ ವಿಭಾಗದಲ್ಲಿ ದುಡಿಯುವವರು. ಗಡಹಿಂಗ್ಲಜ ಕಡೆಯ ಹಳ್ಳಿ, ಮನೆಮಾತು ಕನ್ನಡ.

“ರಜಾ ಅಂದ್ರ ನನಗ ಹೆದರಿಕಿರಿ. ರಜಾ ಮುಗಿಸಿ ಹ್ವಾದ ದಿನಾನ ಎದಿ ಹಿಡೀತೈತಿ. ಎರಡ ದಿನ ಕೆಲಸಾ ಮಾಡಿದ್ರ ತಾನ ಸಡ್ಲ ಆಕ್ಕೈತಿ.”

“ಡಾಕ್ಟರಿಗೆ ತೋರಿಸೀರೇನ್ರಿ, ಕಾಕಾ?”

“ಕೆಲಸಾನ ಔಷಧ ಆಗೇತ್ರಿ ನನಗ.”

ಈ ಲಕ್ಷಣಕ್ಕೆ ವೈದ್ಯಶಾಸ್ತ್ರದಲ್ಲಿ ಬಿಸಿನೋಸಿಸ್ ಎಂದು ಹೆಸರಿದೆ. ಭಾನುವಾರ ರಜೆಯಿದ್ದ ಗಿರಣಿಗಳಲ್ಲಿ ಎದೆ ಬಿಗಿಯುತ್ತಿದ್ದುದು ಸೋಮವಾರ. ತಪ್ಪು ಬರೀ ಹತ್ತಿಯ ಎಳೆಯದಲ್ಲ. ಹತ್ತಿಯ ಜೊತೆ ಸೇರಿ ಬರುವ ಒಣ ಎಲೆಚೂರುಗಳಲ್ಲಿ ಬ್ಯಾಕ್ಟೀರಿಯಾ ಮನೆ ಮಾಡಿರುತ್ತವೆ. ಅವುಗಳ ಹೊರಕವಚದ ಚೂರು, ಎಂಡೋಟಾಕ್ಸಿನ್, ದೂಳಿನ ಬೆನ್ನೇರಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಅಲ್ಲಿ ಕಾವಲಿಗೆ ಮ್ಯಾಕ್ರೊಫೇಜ್ ಎಂಬ ಜೀವಕೋಶಗಳಿವೆ. ಮಿಲಿಮೀಟರಿನ ಐವತ್ತರಲ್ಲೊಂದು ಪಾಲಿನಷ್ಟು ಗಾತ್ರದವು. ಅವುಗಳ ಮೈಮೇಲಿನ ಟಿಎಲ್‌ಆರ್4 ಎಂಬ ಪ್ರೋಟೀನು ಈ ಚೂರನ್ನು ಗುರುತು ಹಿಡಿಯುತ್ತದೆ. 1998ರಲ್ಲಿ ಇದನ್ನು ತೋರಿಸಿಕೊಟ್ಟ ಬ್ರೂಸ್ ಬಾಯ್ಟ್ಲರ್ 2011ರ ನೊಬೆಲ್‌ನಲ್ಲಿ ಪಾಲುದಾರರಾದರು. ಗುರುತು ಸಿಕ್ಕಿದ್ದೇ ತಡ, ಕೋಶ ರಾಸಾಯನಿಕ ಸಂದೇಶಗಳನ್ನು ಸುರಿಸುತ್ತದೆ. ರಕ್ತನಾಳದ ಗೋಡೆ ಸಡಿಲಾಗುತ್ತದೆ, ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು ಧಾವಿಸುತ್ತವೆ, ಉಸಿರ್ನಾಳ ಬಿಗಿಯುತ್ತದೆ. ದಿನವೂ ದೂಳು ತಾಗುತ್ತಿದ್ದರೆ ಈ ಕೂಗು ಮಂದವಾಗುತ್ತದೆ. ನಡುವೆ ಬಿಡುವು ಸಿಕ್ಕರೆ ಕೋಶಗಳು ಮತ್ತೆ ಚುರುಕಾಗುತ್ತವೆ. ಕಾಕಾ ಕೆಲಸವನ್ನೇ ಮದ್ದೆಂದು ನಂಬಿದ್ದು ಅದಕ್ಕೇ.

ದೇಹದ ಈ ಪ್ರತಿಕ್ರಿಯೆಗೆ ಕನ್ನಡದಲ್ಲಿ ಉರಿಯೂತ ಎನ್ನುತ್ತೇವೆ. ರೋಮಿನ ಸೆಲ್ಸಸ್ ಎರಡು ಸಾವಿರ ವರ್ಷದ ಹಿಂದೆ ಕೆಂಪು, ಊತ, ಬಿಸಿ, ನೋವು ಎಂದು ನಾಲ್ಕು ಗುರುತು ಬರೆದಿಟ್ಟ. ನಮ್ಮ ಪದ ಅದರಲ್ಲಿ ಉರಿ, ಊತ ಎರಡನ್ನೂ ಒಂದೇ ಉಸಿರಿಗೆ ಹೇಳುತ್ತದೆ.

ಕೊಲ್ಹಾಪುರದ ತಾಲೀಮಿನಲ್ಲಿ ಈ ಊತವನ್ನು ಕಣ್ಣಿಂದಲೇ ನೋಡಬಹುದು. ಕೆಂಪು ಮಣ್ಣಿನಲ್ಲಿ ಹೊರಳಿ ಎದ್ದ ಪೈಲ್ವಾನನ ಕಿವಿ ಹೂಕೋಸಿನ ಹಾಗೆ ಮುದುಡಿಕೊಂಡಿತ್ತು. ಕಿವಿಯ ಮೃದ್ವಸ್ಥಿಗೆ ಸ್ವಂತ ರಕ್ತನಾಳವಿಲ್ಲ. ಮೇಲಿನ ತೆಳು ಪೊರೆಯೇ ಅದಕ್ಕೆ ಉಣಿಸುವುದು. ಹಿಡಿತದ ಉಜ್ಜಿಗೆ ಪೊರೆ ಬಿಟ್ಟು ನಡುವೆ ರಕ್ತ ತುಂಬುತ್ತದೆ. ಅದನ್ನು ಬೇಗ ತೆಗೆಸದಿದ್ದರೆ ದುರಸ್ತಿಗೆ ಬಂದ ಕೋಶಗಳು ಅಲ್ಲೇ ಗಟ್ಟಿ ಅಂಗಾಂಶ ಕಟ್ಟಿಬಿಡುತ್ತವೆ. ಪೈಲ್ವಾನ ಆ ಕಿವಿಯನ್ನು ಹೆಮ್ಮೆಯಿಂದ ಸವರಿಕೊಂಡ. ಶ್ವಾಸಕೋಶದೊಳಗೆ ಅಂಥದ್ದೇ ಗಾಯ ನಿಂತರೆ ತೋರಿಸಿಕೊಳ್ಳಲು ಏನಿದೆ?

ಉರಿ ತಾನಾಗಿ ಆರುತ್ತದೆ ಎಂದೇ ಬಹುಕಾಲ ನಂಬಿದ್ದರು. ಹಾಗಲ್ಲ, ದೇಹವೇ ಅದನ್ನು ಆರಿಸುತ್ತದೆ ಎಂದು ಚಾರ್ಲ್ಸ್ ಸೆರ್ಹಾನ್ ತಂಡ ಕಂಡುಕೊಂಡಿತು. ಮೀನಿನೆಣ್ಣೆಯಲ್ಲಿರುವಂಥ ಒಮೆಗಾ-3 ಕೊಬ್ಬಿನಿಂದ ಕೋಶಗಳು ರಿಸಾಲ್ವಿನ್ ಎಂಬ ವಸ್ತು ಮಾಡಿಕೊಳ್ಳುತ್ತವೆ; ಅದು ಹೊಸ ನ್ಯೂಟ್ರೊಫಿಲ್‌ಗಳನ್ನು ತಡೆಯುತ್ತದೆ, ಸತ್ತವನ್ನು ಮ್ಯಾಕ್ರೊಫೇಜ್ ನುಂಗುತ್ತದೆ. ಆದರೆ ದೂಳು ನಿಂತರೆ ತಾನೆ ಆ ಕೆಲಸ ಮುಗಿಯುವುದು? ಮೊದಮೊದಲು ದೂಳಿನಿಂದ ದೂರ ಸರಿದವರ ಉಸಿರು ಸರಿಹೋಗುತ್ತದೆ. ವರ್ಷಗಟ್ಟಲೆ ಕಳೆದರೆ ಬಿಗಿತ ಉಳಿದೇಬಿಡುತ್ತದೆ.

ಕಾಕಾನಿಗೆ ಇಷ್ಟನ್ನೂ ಹೇಳಿದೆ. ಅವರು ಲೋಟ ಕೆಳಗಿಟ್ಟು ನಕ್ಕರು. ಹೋದ ವಾರ ಗಡಹಿಂಗ್ಲಜದ ಸಂತೆಯಲ್ಲಿ ಮೆಣಸಿನಕಾಯಿ ರಾಶಿಯ ಘಾಟಿಗೆ ಎಲ್ಲರೂ ಸೀನಿದರಂತೆ, ಇವರಿಗೆ ಏನೂ ಆಗಲಿಲ್ಲವಂತೆ. “ಆ ಖಾರ ಕಣ್ಣೀರಾಗ ಹೋಕ್ಕೈತ್ರಿ, ಈ ದೂಳ ಹೋಗಂಗಿಲ್ಲ,” ಎಂದರು. ಹೆಗಲ ಮೇಲಿನ ಟವೆಲ್ ಎತ್ತಿ ಮೂಗಿಗೆ ಸುತ್ತಿ ತೋರಿಸಿದರು. ಗಿರಣಿಯಲ್ಲಿ ಅವರಿಗಿರುವ ಅಡ್ಡ ಅದೊಂದೇ. ಅಂದು ಅವರಿಗೆ ರಜೆ. ಮರುದಿನ ಬೆಳಗಿನ ಪಾಳಿ ಏಳಕ್ಕೆ.